ಬಂಗಾಳ ಕೊಲ್ಲಿಯ ಚಂಡಮಾರುತಗಳಲ್ಲಿ ಸಾವು ಹೆಚ್ಚೇಕೆ?

ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ ಇದ್ದರೂ ಅರಬ್ಬೀ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯ ಚಂಡಮಾರುತಗಳಲ್ಲಿ ಇಷ್ಟೊಂದು ಸಾವು ಏಕೆ ಎಂದು ತಾವು ಕೇಳಿದ್ದೀರಿ. ಬಹುಪಾಲು ಜನರನ್ನು ಕೊಂದಿರುವುದು ಗಾಳಿ ದೂಡಿ ತಂದ ಕಡಲ ನೀರು. ಕೊಲ್ಲಿಯ ಉತ್ತರ ಭಾಗವು ಆಲಿಕೆಯಂತೆ ಕಿರಿದಾಗುತ್ತ ಹೋಗುವುದರಿಂದಲೂ ಅಲ್ಲಿ ಕಡಲು ಆಳವಿಲ್ಲದಿರುವುದರಿಂದಲೂ, ಆ ನೀರಿಗೆ ಪಕ್ಕಕ್ಕೆ ಸರಿಯಲಾಗಲಿ ಕೆಳಗಿಳಿಯಲಾಗಲಿ ಎಡೆ ಸಿಗದೆ, ಅದು ಉಬ್ಬಿ, ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದಲ್ಲಿರುವ ಜನನಿಬಿಡ ನದೀಮುಖಜ ಭೂಮಿಯ ಮೇಲೆ ನುಗ್ಗುತ್ತದೆ. ಅದೇ ಹೊತ್ತಿಗೆ ಕಡಲಿನ ಭರತವೂ (ಉಬ್ಬರ) ಕೂಡಿಬಂದರೆ ಹೇಳುವುದೇ ಬೇಡ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಸುತ್ತಮುತ್ತ ಹೀಗೇ ಆಗಿ, 3 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. (ಸುದ್ದಿಯಲ್ಲಿ ಎಲ್ಲರೂ ಗಾಳಿಯ ವೇಗವನ್ನು ನೋಡುತ್ತಾರೆ, ನಾನು ಮೊದಲು ನೋಡುವುದು ಉಬ್ಬರವಿಳಿತದ ವೇಳೆಯನ್ನು.)

ಒಡಿಶಾದಲ್ಲಿ 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರ ಫೈಲಿನ್ ಕೂಡ ಉಗ್ರವಾಗಿಯೇ ಇತ್ತಾದರೂ, ಮುಂಚಿತವಾಗಿ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಅಲ್ಲಿ ಸಾವಿನ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಆ ನಡುವಿನ ವರ್ಷಗಳಲ್ಲಿ ಕರಾವಳಿಯಲ್ಲಿ ಕಟ್ಟಿದ ಆಶ್ರಯ ಕಟ್ಟಡಗಳನ್ನು ಗಮನಿಸಿ: ನೆಲಮಟ್ಟದಲ್ಲಿ ಗೋಡೆಗಳಿಲ್ಲದೆ ಕಂಬಗಳಷ್ಟೇ ಇದ್ದು, ನುಗ್ಗಿದ ನೀರು ಅಡಿಯಿಂದ ಹಾದುಹೋಗುತ್ತದೆ, ಜನ ಮೇಲಿನ ಅಂತಸ್ತಿನಲ್ಲಿರುತ್ತಾರೆ.