ರೈಲು ರದ್ದಾಗಿ ಬೇರೆ ಊರಿನ ಫುಟ್‌ಬಾಲ್ ಪಂದ್ಯ ತಪ್ಪಿಹೋದರೆ ಇಂಗ್ಲೆಂಡಿನ ಅಭಿಮಾನಿಗೆ ಹಣ ವಾಪಸು ಸಿಗುತ್ತದೆಯೇ?

ರೈಲಿನ ಹಣ ಸಿಗುತ್ತದೆ. ಪಂದ್ಯದ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ರೈಲು ರದ್ದಾದ ಕಾರಣ ಪ್ರಯಾಣವನ್ನೇ ಕೈಬಿಟ್ಟವರಿಗೆ ಪೂರ್ತಿ ದರ ಮರಳುತ್ತದೆ. ಹೊರಟು ತಡವಾಗಿ ತಲುಪಿದವರು ‘ಡಿಲೇ ರಿಪೇ’ ವ್ಯವಸ್ಥೆಯಡಿ, ಅನೇಕ ಕಂಪನಿಗಳಲ್ಲಿ 15 ನಿಮಿಷದ ವಿಳಂಬಕ್ಕೂ, ಪರಿಹಾರ ಕೇಳಬಹುದು. ಆದರೆ ಪಂದ್ಯ ನಿಗದಿಯಂತೆ ನಡೆದಿದ್ದರೆ ಕ್ಲಬ್ಬಿನ ಹೊಣೆ ಅಲ್ಲಿಗೆ ಮುಗಿಯಿತು. ಪ್ರೀಮಿಯರ್ ಲೀಗಿನಲ್ಲಿ ಎದುರಾಳಿ ಊರಿಗೆ ಹೋಗುವ ಅಭಿಮಾನಿಗಳ ಟಿಕೆಟ್ಟಿಗೆ 2016–17ರ ಋತುವಿನಿಂದ 30 ಪೌಂಡ್ ಮಿತಿ ಇರುವುದರಿಂದ, ದೂರದವರಿಗೆ ದೊಡ್ಡ ಹೊಡೆತ ಬೀಳುವುದು ಪ್ರಯಾಣ ಮತ್ತು ವಸತಿಯ ಖರ್ಚಿನಲ್ಲಿ.

ನನ್ನ ದೃಷ್ಟಿಯಲ್ಲಿ ತೊಂದರೆಯ ಬೇರು ರೈಲಿನಲ್ಲಷ್ಟೇ ಇಲ್ಲ. ಟಿವಿ ಪ್ರಸಾರಕ್ಕಾಗಿ ಶನಿವಾರದ ಪಂದ್ಯವನ್ನು ಸೋಮವಾರ ರಾತ್ರಿ 8ಕ್ಕೆ ಸರಿಸಿದರೆ, ನ್ಯೂಕ್ಯಾಸಲ್‌ನಿಂದ ಐನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಬೋರ್ನ್‌ಮತ್‌ಗೆ ಬಂದವನು ಹತ್ತು ಗಂಟೆಗೆ ಕ್ರೀಡಾಂಗಣದಿಂದ ಹೊರಬಿದ್ದಾಗ, ಎಲ್ಲ ರೈಲುಗಳೂ ಸಮಯಕ್ಕೆ ಸರಿಯಾಗಿ ಓಡುತ್ತಿದ್ದರೂ, ಆ ರಾತ್ರಿ ಮನೆ ಮುಟ್ಟಲಾರ. ಭಾನುವಾರವಾದರೆ ಹಳಿ ದುರಸ್ತಿಯ ಕಾಟ: ರೈಲಿನ ಬದಲು ಬಸ್ಸು, ಅದೂ ಊರೂರು ಸುತ್ತಿಕೊಂಡು.

ಪರಿಹಾರದ ಅರ್ಜಿಗೆ ರೈಲು ಟಿಕೆಟ್ ಬೇಕೇ ಬೇಕು; ನಿಲ್ದಾಣದ ಫಲಕದಲ್ಲಿ ‘ರದ್ದು’ ಎಂದಿರುವುದರ ಫೋಟೋ ಇದ್ದರೆ ಇನ್ನೂ ಅನುಕೂಲ.