ಗೆಲಿಲಿಯೋಗೆ ಹಣ ಕೊಟ್ಟವರು ಯಾರು, ಲೆಕ್ಕ ಕೇಳಿದವರು ಯಾರು?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅಮೆರಿಕದ ಜಿಪಿಎಸ್ ಪುಕ್ಕಟೆಯಾಗಿ ಸಿಗುತ್ತಿರುವಾಗ ಯುರೋಪಿನವರು ತೆರಿಗೆದಾರರ ದುಡ್ಡಿನಲ್ಲಿ ಗೆಲಿಲಿಯೋ ಎಂಬ ಇನ್ನೊಂದು ಉಪಗ್ರಹ ವ್ಯವಸ್ಥೆಯನ್ನು ಕಟ್ಟಿದ್ದು ಏಕೆ? ಅಷ್ಟು ಹಣಕ್ಕೆ ಯಾರಾದರೂ ಲೆಕ್ಕ ಕೇಳಿದರೇ? ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿದ್ದು ನಿವೃತ್ತನಾದವನು. ಪರದೇಶದ ಆಡಿಟ್ ವರದಿಗಳನ್ನು ಓದುವ ಚಟ ಇನ್ನೂ ಹೋಗಿಲ್ಲ.

ಜಿಪಿಎಸ್ ಪುಕ್ಕಟೆ ಎಂಬುದು ನಿಜ, ಆದರೆ ಅದರ ಕೀಲಿಕೈ ಇರುವುದು ಅಮೆರಿಕದ ಸೇನೆಯ ಬಳಿ. 2000ದ ಮೇ ತಿಂಗಳವರೆಗೆ ನಾಗರಿಕರಿಗೆ ಕೊಡುತ್ತಿದ್ದ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡಲಾಗುತ್ತಿತ್ತು. ಹಡಗು, ವಿಮಾನ, ದೂರಸಂಪರ್ಕ ಜಾಲಗಳು ಇನ್ನೊಂದು ದೇಶದ ಸೇನೆಯ ಮರ್ಜಿಯಲ್ಲಿ ಇರಬಾರದು ಎಂಬ ವಾದವನ್ನು ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ 1999ರಲ್ಲೇ ಮುಂದಿಟ್ಟಿತು. ಭಾರತ ಜಿಪಿಎಸ್‌ನಂಥದ್ದೇ ತನ್ನ ನಾವಿಕ್ ವ್ಯವಸ್ಥೆ ಕಟ್ಟಿದ್ದರ ಹಿಂದೆಯೂ ಇದೇ ವಾದವಿದೆ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಉಪ ಕಾರ್ಯದರ್ಶಿ ಪಾಲ್ ವುಲ್ಫೋವಿಟ್ಜ್ ಅವರು ನ್ಯಾಟೋ ದೇಶಗಳ ರಕ್ಷಣಾ ಸಚಿವರಿಗೆ ಪತ್ರ ಬರೆದು ಗೆಲಿಲಿಯೋ ಬಗ್ಗೆ ಆತಂಕ ವ್ಯಕ್ತಪಡಿಸಿದರು. ಮೂರು ತಿಂಗಳ ನಂತರ, 2002ರ ಮಾರ್ಚ್‌ನಲ್ಲಿ, ಒಕ್ಕೂಟದ ಸಾರಿಗೆ ಸಚಿವರು 45 ಕೋಟಿ ಯುರೋ ಬಿಡುಗಡೆಗೆ ಒಪ್ಪಿದರು. ಬೇಡ ಎಂದವರ ಪತ್ರವೇ ಬೇಕು ಎನ್ನುವವರಿಗೆ ಬಲ ತಂದಿತು ಎಂದು ನನ್ನ ಊಹೆ.

ಇನ್ನು ದುಡ್ಡಿನ ವಿಷಯ. ಯುರೋಪು ಇದಕ್ಕೆ ಸಾರ್ವಜನಿಕ ಹಣ ಹಾಕಿದ್ದರಲ್ಲಿ ನನಗೆ ತಕರಾರಿಲ್ಲ. ಹೆಚ್ಚಿನ ಹಣವನ್ನು ಖಾಸಗಿಯವರು ಹಾಕುತ್ತಾರೆ ಎಂದು ಐದು ವರ್ಷ ನಟಿಸಿದ್ದಕ್ಕೆ ತಕರಾರಿದೆ. ಮೂಲ ಯೋಜನೆ ಹೀಗಿತ್ತು: ಅಭಿವೃದ್ಧಿ ಹಂತಕ್ಕೆ 110 ಕೋಟಿ ಯುರೋ, ಅದನ್ನು ಯುರೋಪಿಯನ್ ಒಕ್ಕೂಟ ಮತ್ತು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಹಂಚಿಕೊಳ್ಳಬೇಕು. ಬಳಿಕ ಉಪಗ್ರಹಗಳನ್ನು ಮೇಲೇರಿಸುವ ಹಂತಕ್ಕೆ 210 ಕೋಟಿ, ಅದರಲ್ಲಿ ಮೂರನೇ ಎರಡು ಭಾಗ ಖಾಸಗಿ ಕಂಪನಿಗಳದು. ಕಂಪನಿಗಳು ಆ ಹಣವನ್ನು ಬಳಕೆದಾರರಿಂದ ವಸೂಲು ಮಾಡಿಕೊಳ್ಳುತ್ತವೆ ಎಂಬುದು ಲೆಕ್ಕಾಚಾರ. ಪಕ್ಕದ ಅಂಗಡಿಯವನು ಪುಕ್ಕಟೆ ಹಂಚುತ್ತಿರುವ ಸರಕನ್ನು ಬೆಲೆ ಕಟ್ಟಿ ಮಾರುತ್ತೇನೆ ಎಂದರೆ ಯಾವ ಸಾಹುಕಾರ ಬಂಡವಾಳ ಹಾಕುತ್ತಾನೆ? 2000ದಲ್ಲಿ ಅಮೆರಿಕ ಆ ಮಸುಕನ್ನು ತೆಗೆದ ದಿನವೇ ಈ ಆದಾಯದ ಅಂದಾಜನ್ನು ಹರಿದು ಹಾಕಬೇಕಿತ್ತು.

ಟೆಂಡರ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಕೊನೆಯ ಸುತ್ತಿಗೆ ಎರಡು ಗುಂಪುಗಳು ಉಳಿದವು. 2005ರಲ್ಲಿ ಅವೆರಡೂ ಒಂದಾಗಿ ಒಂದೇ ಪ್ರಸ್ತಾವ ಕೊಡುತ್ತೇವೆ ಎಂದವು, ಅದನ್ನು ಒಪ್ಪಿಕೊಳ್ಳಲಾಯಿತು. ಇಬ್ಬರು ಬಿಡ್‌ದಾರರು ಕೈಜೋಡಿಸಿದ ಮೇಲೆ ಟೆಂಡರ್ ಎಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ ಎಂಬುದನ್ನು ನಮ್ಮ ತಾಲ್ಲೂಕು ಮಟ್ಟದ ಎಂಜಿನಿಯರ್ ಕೂಡ ಬಲ್ಲ. ಎಂಟು ಕಂಪನಿಗಳ ಆ ಕೂಟದೊಳಗೆ ಕೆಲಸ ಹಂಚಿಕೊಳ್ಳುವುದೇ ಬಗೆಹರಿಯದ ಜಗಳವಾಯಿತು. ವಿನ್ಯಾಸ ಕೈಕೊಟ್ಟರೆ, ಆದಾಯ ಬಾರದಿದ್ದರೆ ನಷ್ಟ ಯಾರದು ಎಂಬ ಪ್ರಶ್ನೆಗೆ ಅವರ ಉತ್ತರ ಸರ್ಕಾರದ ಕಡೆಗೇ ಬೆರಳು ತೋರಿಸುತ್ತಿತ್ತು. 2007ರ ಜೂನ್‌ನಲ್ಲಿ ಸಚಿವರು ಮಾತುಕತೆಯನ್ನೇ ಕೈಬಿಟ್ಟರು.

ಈ ಐದು ವರ್ಷ ಮೇಲ್ವಿಚಾರಣೆ ಯಾರದಿತ್ತು ಎಂಬುದು ನಿಮ್ಮ ಪ್ರಶ್ನೆಯ ತಿರುಳು. 2002ರಲ್ಲಿ ‘ಗೆಲಿಲಿಯೋ ಜಾಯಿಂಟ್ ಅಂಡರ್‌ಟೇಕಿಂಗ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದ್ದರು. ಅದರ ಸ್ಥಾಪಕ ಸದಸ್ಯರು ಯುರೋಪಿಯನ್ ಆಯೋಗ ಮತ್ತು ಬಾಹ್ಯಾಕಾಶ ಸಂಸ್ಥೆ. ತಾಂತ್ರಿಕ ಅಭಿವೃದ್ಧಿ ಮಾಡುತ್ತಿದ್ದದ್ದೂ ಅದೇ ಬಾಹ್ಯಾಕಾಶ ಸಂಸ್ಥೆ. ಅಂದರೆ ಕೆಲಸ ಮಾಡುವವರೇ ಕೆಲಸ ನೋಡಿಕೊಳ್ಳುವ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕುಳಿತಿದ್ದರು. ಇದರ ಮೇಲೆ ಬಾಹ್ಯಾಕಾಶ ಸಂಸ್ಥೆಯ ಹಳೆಯ ನಿಯಮ ಬೇರೆ: ಯಾವ ದೇಶ ಎಷ್ಟು ಹಣ ಕೊಡುತ್ತದೋ ಸರಿಸುಮಾರು ಅಷ್ಟೇ ಮೊತ್ತದ ಗುತ್ತಿಗೆ ಆ ದೇಶದ ಕಾರ್ಖಾನೆಗಳಿಗೆ ಹೋಗಬೇಕು. ಹಾಗಾಗಿ ಹಣ ಕಡಿಮೆ ಕೊಡಲು ಪೈಪೋಟಿ ನಡೆಯಲಿಲ್ಲ, ಹೆಚ್ಚು ಪಾಲು ಹಿಡಿಯಲು ನಡೆಯಿತು. ಜರ್ಮನಿ, ಇಟಲಿಯಂಥ ದೇಶಗಳ ಈ ಜಗ್ಗಾಟ ತೀರಿದ್ದು 2003ರಲ್ಲಿ.

ಯುರೋಪಿನ ಸಿಎಜಿ ಎನ್ನಬಹುದಾದ ಸಂಸ್ಥೆ ಲಕ್ಸೆಂಬರ್ಗ್‌ನಲ್ಲಿದೆ, ಹೆಸರು ಯುರೋಪಿಯನ್ ಕೋರ್ಟ್ ಆಫ್ ಆಡಿಟರ್ಸ್. ಅದು 2009ರಲ್ಲಿ ಗೆಲಿಲಿಯೋ ಬಗ್ಗೆ ಕೊಟ್ಟ ವಿಶೇಷ ವರದಿಯನ್ನು ನೀವು ಓದಲೇಬೇಕು. ಅಭಿವೃದ್ಧಿ ಹಂತದ ವೆಚ್ಚ 110 ಕೋಟಿಯಿಂದ 210 ಕೋಟಿಗೆ ಏರಿದೆ, ಕೆಲಸ ಐದು ವರ್ಷ ಹಿಂದೆ ಬಿದ್ದಿದೆ. ಖಾಸಗಿ ಸಹಭಾಗಿತ್ವದ ಯೋಜನೆ ಸರಿಯಾಗಿ ಸಿದ್ಧಗೊಂಡಿರಲಿಲ್ಲ, ವಾಸ್ತವಕ್ಕೆ ದೂರವಾಗಿತ್ತು. ಸದಸ್ಯ ದೇಶಗಳು ತಮ್ಮ ತಮ್ಮ ಉದ್ಯಮಗಳ ಪರ ನಿಂತು ತೀರ್ಮಾನಗಳನ್ನು ತಡೆದವು. ಆಯೋಗ ನಾಯಕತ್ವ ವಹಿಸಲಿಲ್ಲ. ಇಷ್ಟನ್ನೂ ಆ ವರದಿ ಹೆಚ್ಚು ಸುತ್ತಿಬಳಸದೆ ಹೇಳುತ್ತದೆ. ಆಡಿಟ್ ಭಾಷೆ ಸಾಮಾನ್ಯವಾಗಿ ಹತ್ತಿಯಲ್ಲಿ ಸುತ್ತಿಕೊಂಡೇ ಬರುತ್ತದೆ. ಅದನ್ನು ಬರೆದೇ ಬದುಕಿದವನು ನಾನು, ಹಾಗಾಗಿ ಈ ವರದಿಯ ಖಾರ ನನಗೆ ಚೆನ್ನಾಗಿ ಗೊತ್ತಾಯಿತು. ಒಂದು ಕೊರತೆ ಮಾತ್ರ ಎಲ್ಲ ಆಡಿಟ್‌ನಂತೆ ಇಲ್ಲಿಯೂ ಇದೆ: ವರದಿ ಬಂದಾಗ ಆ ಜಂಟಿ ಸಂಸ್ಥೆ ಮುಚ್ಚಿ ಎರಡು ವರ್ಷ ಕಳೆದಿತ್ತು.

ಅಷ್ಟರೊಳಗೆ ವ್ಯವಸ್ಥೆ ಬದಲಾಗಿತ್ತು. 2007ರ ಕೊನೆಯಲ್ಲಿ ಸರ್ಕಾರಗಳು ಒಪ್ಪಿಕೊಂಡವು: ಪೂರ್ತಿ ಹಣ ಒಕ್ಕೂಟದ ಬಜೆಟ್‌ನಿಂದಲೇ ಬರಬೇಕು, 2013ರವರೆಗೆ 340 ಕೋಟಿ ಯುರೋ. ಕೈಯಲ್ಲಿ ಇದ್ದದ್ದು ಸುಮಾರು 100 ಕೋಟಿ. ಉಳಿದದ್ದರ ಬಹುಭಾಗವನ್ನು ಕೃಷಿಯ ಬಾಬ್ತಿನಲ್ಲಿ ಖರ್ಚಾಗದೆ ಉಳಿದ ಮೊತ್ತದಿಂದ ತೆಗೆದರು. ಇದಕ್ಕೆ ವಿರೋಧ ಕಡಿಮೆ ಇರಲಿಲ್ಲ. ಬ್ರಿಟನ್ನಿನ ಸಂಸದೀಯ ಸಾರಿಗೆ ಸಮಿತಿಯ ಅಧ್ಯಕ್ಷೆ ಗ್ವಿನೆತ್ ಡನ್‌ವುಡಿ, ಜನರಿಗೆ ಬೇಕಾಗಿರುವುದು ಒಳ್ಳೆಯ ರೈಲು ಮತ್ತು ರಸ್ತೆ, ಆಕಾಶದಲ್ಲಿನ ಪ್ರದರ್ಶನದ ಯೋಜನೆಯಲ್ಲ ಎಂಬರ್ಥದಲ್ಲಿ ಝಾಡಿಸಿದರು. ಆ ಟೀಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಬಾಬ್ತಿನ ಉಳಿಕೆಯನ್ನು ಇನ್ನೊಂದಕ್ಕೆ ತಿರುಗಿಸುವುದು ಆಡಿಟರ್‌ಗೆ ಯಾವಾಗಲೂ ಕಸಿವಿಸಿಯ ವಿಷಯ. ಆದರೂ ಇಲ್ಲಿ ಒಂದು ಲಾಭವಾಯಿತು: ಹಣ ಯಾರದು ಎಂಬುದು ಕೊನೆಗೂ ಕಾಗದದ ಮೇಲೆ ಬಂತು.

2008ರ ನಿಯಮಾವಳಿಯಲ್ಲಿ ಆ ಸ್ಪಷ್ಟತೆಯ ಫಲ ಕಾಣುತ್ತದೆ. ವ್ಯವಸ್ಥೆಯ ಮಾಲೀಕತ್ವ ಯುರೋಪಿಯನ್ ಸಮುದಾಯದ್ದು, ಎಂದರೆ ಇಂದಿನ ಲೆಕ್ಕದಲ್ಲಿ ಒಕ್ಕೂಟದ್ದು, ಎಂದು ಬರೆದರು. ಕೆಲಸವನ್ನು ಆರು ಭಾಗ ಮಾಡಿ, ಒಬ್ಬ ಮುಖ್ಯ ಗುತ್ತಿಗೆದಾರನಿಗೆ ಎರಡಕ್ಕಿಂತ ಹೆಚ್ಚು ಸಿಗಬಾರದು ಎಂದರು. ಕನಿಷ್ಠ ಶೇ. 40ರಷ್ಟು ಮೌಲ್ಯದ ಕೆಲಸ ಸ್ಪರ್ಧೆಯ ಮೂಲಕ ಹೊರಗಿನ ಉಪಗುತ್ತಿಗೆದಾರರಿಗೆ ಹೋಗಬೇಕು ಎಂದರು. ಯುರೋಪಿಯನ್ ಸಂಸತ್ತಿನ ಮೂವರು, ಸದಸ್ಯ ದೇಶಗಳ ಮೂವರು, ಆಯೋಗದ ಒಬ್ಬರು ಕೂಡಿದ ಪರಾಮರ್ಶೆ ಸಮಿತಿಯೊಂದು ಹುಟ್ಟಿತು. 2010ರ ಜನವರಿಯಲ್ಲಿ 14 ಉಪಗ್ರಹಗಳ 56.6 ಕೋಟಿ ಯುರೋ ಗುತ್ತಿಗೆ ದೈತ್ಯ ಕಂಪನಿಗಳನ್ನು ದಾಟಿ ಜರ್ಮನಿಯ ಬ್ರೆಮೆನ್ ನಗರದ ಮಧ್ಯಮ ಗಾತ್ರದ ಓಎಚ್‌ಬಿಗೆ ಹೋಯಿತು. ಎಂಟು ಕಂಪನಿಗಳ ಕೂಟ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ. (ತಮಾಷೆಯೆಂದರೆ, ಆ ಕಂಪನಿಯ ಉಪಗ್ರಹ ವಿಭಾಗದ ಮುಖ್ಯಸ್ಥರೇ ಗೆಲಿಲಿಯೋವನ್ನು ತೆರಿಗೆದಾರರ ಹಣದ ಪೋಲು ಎಂದು ಅಮೆರಿಕದ ರಾಜತಾಂತ್ರಿಕರೆದುರು ಹೇಳಿದ್ದಾಗಿ ವಿಕಿಲೀಕ್ಸ್ ದಾಖಲೆಯೊಂದು ಹೊರಬಿತ್ತು. ಹಾಗೆ ಹೇಳಿಲ್ಲ ಎಂದು ಅವರು ನಿರಾಕರಿಸಿದರು. 2011ರ ಜನವರಿಯಲ್ಲಿ ಹುದ್ದೆ ಹೋಯಿತು.)

ಹಾಗಂತ ಆ ಮೇಲೆ ಎಲ್ಲವೂ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಕೆಲಸ ಮುಗಿಸಲು ಇನ್ನೂ 190 ಕೋಟಿ ಬೇಕು ಎಂದು 2011ರಲ್ಲಿ ಆಯೋಗವೇ ಹೇಳಿತು. 2014ರಿಂದ 2020ರ ಅವಧಿಗೆ ಸುಮಾರು 707 ಕೋಟಿ ಯುರೋ ನಿಗದಿಯಾಯಿತು. ಅಂದಿನ ಒಕ್ಕೂಟದ 50 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಎರಡು ಯುರೋ. 2014ರ ಆಗಸ್ಟ್‌ನಲ್ಲಿ ರಷ್ಯಾದ ಸೊಯುಜ್ ರಾಕೆಟ್‌ನ ಮೇಲಿನ ಹಂತದಲ್ಲಿ ಇಂಧನದ ಕೊಳವೆ ಹೆಪ್ಪುಗಟ್ಟಿತು, ತಣ್ಣನೆಯ ಹೀಲಿಯಂ ಕೊಳವೆ ಅದಕ್ಕೆ ತೀರಾ ಹತ್ತಿರದಲ್ಲಿತ್ತು. ಎರಡು ಉಪಗ್ರಹಗಳು ತಪ್ಪು ಕಕ್ಷೆಗೆ ಹೋದವು. 2017ರ ಜನವರಿಯಲ್ಲಿ 18 ಉಪಗ್ರಹಗಳಲ್ಲಿದ್ದ, ಸ್ಥಾನದ ಲೆಕ್ಕಕ್ಕೆಲ್ಲ ಆಧಾರವಾದ 72 ಪರಮಾಣು ಗಡಿಯಾರಗಳಲ್ಲಿ 9 ನಿಂತುಹೋಗಿವೆ ಎಂದು ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರೇ ಪತ್ರಕರ್ತರಿಗೆ ತಿಳಿಸಿದರು. ಅದೇ ಸ್ವಿಸ್ ತಯಾರಕರ ರುಬಿಡಿಯಂ ಗಡಿಯಾರಗಳು ನಮ್ಮ ನಾವಿಕ್‌ಗಾಗಿ ಇಸ್ರೋ ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲೂ ಇದ್ದವು, ಅದರ ಮೂರೂ ಕೆಟ್ಟಿದ್ದವು. ಇಸ್ರೋ ತನ್ನದೇ ಗಡಿಯಾರವನ್ನು 2023ರ ಮೇನಲ್ಲಿ ಎನ್‌ವಿಎಸ್-01 ಎಂಬ ಉಪಗ್ರಹದಲ್ಲಿ ಹಾರಿಸಿತು.

ನನಗೆ ಹೆಚ್ಚು ಚಿಂತೆ ತಂದದ್ದು 2019ರ ಜುಲೈ. ಸುಮಾರು ಒಂದು ವಾರ ಗೆಲಿಲಿಯೋದ ಸ್ಥಾನ ಮತ್ತು ಸಮಯದ ಸೇವೆ ನಿಂತೇ ಹೋಯಿತು. ಉಪಗ್ರಹಗಳಲ್ಲಿ ದೋಷವಿರಲಿಲ್ಲ, ಕಕ್ಷೆ ಮತ್ತು ಸಮಯವನ್ನು ಲೆಕ್ಕ ಹಾಕುವ ನೆಲದ ಮೇಲಿನ ಉಪಕರಣಗಳಲ್ಲಿತ್ತು. ಹೆಚ್ಚಿನವರಿಗೆ ಇದು ಗೊತ್ತೇ ಆಗಲಿಲ್ಲ, ಏಕೆಂದರೆ ಫೋನುಗಳು ಜಿಪಿಎಸ್ ಹಿಡಿದು ದಾರಿ ತೋರಿಸುತ್ತಲೇ ಇದ್ದವು. ಸ್ವಾವಲಂಬನೆಯ ಹೆಸರಿನಲ್ಲಿ ಕಟ್ಟಿದ ವ್ಯವಸ್ಥೆಗೆ ಇದಕ್ಕಿಂತ ಮುಜುಗರ ಬೇಕೇ? ಆಯೋಗ ಸ್ವತಂತ್ರ ತನಿಖಾ ಮಂಡಳಿಯನ್ನು ನೇಮಿಸಿತು. ಆದರೆ ಮೇಲೆ ಹೊಣೆ ಹೊತ್ತ ಆಯೋಗ, ವಿನ್ಯಾಸ ಮತ್ತು ಖರೀದಿಗೆ ಬಾಹ್ಯಾಕಾಶ ಸಂಸ್ಥೆ, ಸೇವೆ ನಡೆಸಲು ಪ್ರಾಗ್ ನಗರದಲ್ಲಿರುವ ಒಕ್ಕೂಟದ ಏಜೆನ್ಸಿ, ಅದರ ಕೆಳಗೆ ಗುತ್ತಿಗೆದಾರರು ಎಂಬ ಏಣಿಯಲ್ಲಿ ಯಾರ ಮೇಜಿನ ಮೇಲೆ ಕಡತ ನಿಂತಿತ್ತು ಎಂದು ಕಂಡುಹಿಡಿಯುವುದು ಇಂದಿಗೂ ಸುಲಭವಲ್ಲ. ಅದರಲ್ಲೂ ಬಾಹ್ಯಾಕಾಶ ಸಂಸ್ಥೆ ಒಕ್ಕೂಟದ ಅಂಗವೇ ಅಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ ಅದರ ಸದಸ್ಯರು, ಬ್ರೆಕ್ಸಿಟ್ ಆದ ಮೇಲೂ ಬ್ರಿಟನ್ ಸದಸ್ಯ.

ಮೆಚ್ಚಬೇಕಾದ ಒಂದು ಏರ್ಪಾಡೂ ಇದೆ. ಸರ್ಕಾರ, ಪೊಲೀಸ್, ಸೇನೆಗೆಂದು ಗೂಢಲಿಪಿಯ ಪ್ರತ್ಯೇಕ ಸೇವೆ ಇದೆ. ಅದರ ಭದ್ರತೆಗೆ ಒಪ್ಪಿಗೆ ಕೊಡುವ ಮಂಡಳಿ ವ್ಯವಸ್ಥೆ ಕಟ್ಟುವವರಿಂದ ಸ್ವತಂತ್ರವಾಗಿದೆ. ಹೊರಗಿನ ದೇಶಗಳಿಗೆ ಈ ಸೇವೆಯನ್ನು ಬಿಗಿ ಷರತ್ತಿನ ಮೇಲೆ ಮಾತ್ರ ಕೊಡಬೇಕು ಎಂಬ ನಿಯಮ 2011ರಲ್ಲಿ ಬಂದಾಗ ಬ್ರಿಟನ್ ಒಳಗಿತ್ತು. ಏಳು ವರ್ಷದ ನಂತರ ಅದೇ ನಿಯಮ, ಒಕ್ಕೂಟ ಬಿಡಲು ಹೊರಟಿದ್ದ ಬ್ರಿಟನ್ನಿಗೇ ಅಡ್ಡ ಬಂತು.

ಆದಾಯದ ವಿಷಯ ಏನಾಯಿತು ಎಂದು ಕೇಳಬಹುದು. ಹಣ ತರಬೇಕಿದ್ದ ವಾಣಿಜ್ಯ ಸೇವೆಯ ಹೆಚ್ಚು ನಿಖರ ಸಂಕೇತವನ್ನು ಉಚಿತ ಮಾಡುವ ತೀರ್ಮಾನ 2018ರಲ್ಲಾಯಿತು. 2023ರ ಜನವರಿಯಿಂದ ಸುಮಾರು 20 ಸೆಂಟಿಮೀಟರ್ ನಿಖರತೆಯ ಆ ಸೇವೆ ಜಗತ್ತಿಗೆಲ್ಲ ಪುಕ್ಕಟೆ, ಬೆಂಗಳೂರಿನಲ್ಲಿ ಸೂಕ್ತ ಉಪಕರಣ ಇಟ್ಟುಕೊಂಡವರಿಗೂ ಸೇರಿ. ಖಾಸಗಿ ಸಹಭಾಗಿತ್ವದ ಹಳೆಯ ಅಂದಾಜುಪಟ್ಟಿಗೆ ಇದಕ್ಕಿಂತ ಪೂರ್ಣವಾದ ಷರಾ ಯಾರೂ ಬರೆಯಲಾರರು.

ಸದ್ಯ ಗೆಲಿಲಿಯೋ ಮತ್ತು ಅದರ ಜೊತೆಗಿನ, ಉಪಗ್ರಹ ಸಂಕೇತವನ್ನು ಯುರೋಪಿನಲ್ಲಿ ತಿದ್ದಿ ಕೊಡುವ ಎಗ್ನೋಸ್ ವ್ಯವಸ್ಥೆಗೆ 2021ರಿಂದ 2027ರವರೆಗೆ ಸುಮಾರು 902 ಕೋಟಿ ಯುರೋ ಇದೆ, ಪ್ರತ್ಯೇಕ ಸಾಲಿನಲ್ಲಿ. ಆದರೆ ಮುಂದಿನ ಏಳು ವರ್ಷಕ್ಕೆ ರಕ್ಷಣೆ ಮತ್ತು ಬಾಹ್ಯಾಕಾಶ ಎರಡನ್ನೂ ಒಂದೇ ದೊಡ್ಡ ಸ್ಪರ್ಧಾತ್ಮಕತೆ ನಿಧಿಯಡಿ ತರುವ ಪ್ರಸ್ತಾವವನ್ನು ಆಯೋಗ 2025ರ ಜುಲೈನಲ್ಲಿ ಮುಂದಿಟ್ಟಿದೆ. ಸಂಸತ್ತಿನಲ್ಲಿ ನಾನಿದ್ದರೆ ಅಲ್ಲಿಯೇ ತಡೆದು ಕೇಳುತ್ತಿದ್ದೆ: ಗೆಲಿಲಿಯೋದ ಸಾಲು ಬೇರೆಯಾಗಿ ಉಳಿಯುತ್ತದೆಯೇ? 110 ಕೋಟಿ 210 ಆಯಿತು ಎಂದು 2009ರಲ್ಲಿ ಹೇಳಲು ಸಾಧ್ಯವಾದದ್ದು ಮೂಲ ಅಂದಾಜು ಬೇರೆಯಾಗಿ ದಾಖಲಾಗಿದ್ದರಿಂದ.