ಪೈಥಾನ್ ಏಜೆಂಟಿನ ಒಳಗೂ ಹೊರಗೂ ಸಂದೇಶ ಸಾಗಿಸಲು ಎಂಕ್ಯೂಟಿಟಿ ಒಂದೇ ಸಾಕೇ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ತೋಟದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡುವ ನಿಮ್ಮ ಏಜೆಂಟ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪೈಥಾನ್ ಪ್ರೋಗ್ರಾಂ, ಕೊಳವೆಬಾವಿ ಪಂಪಿನ ವಿದ್ಯುತ್ ಮೀಟರನ್ನೂ ಮಣ್ಣಿನ ತೇವಾಂಶದ ಸೆನ್ಸರ್‌ಗಳನ್ನೂ ಓದಿ 4ಜಿ ಮೋಡೆಮ್ ಮೂಲಕ ಸರ್ವರಿಗೆ ಕಳುಹಿಸುತ್ತದೆ. ಸಿಗ್ನಲ್ ಹೋದ ಕೂಡಲೇ ಮೀಟರ್ ಓದುವುದೂ ನಿಂತುಬಿಡುತ್ತದೆ. ಇದು ಒಂದು. ಇನ್ನು ಮುಂದೆ ಮೊಬೈಲಿನಿಂದಲೇ ಪಂಪ್ ಚಾಲೂ ಮಾಡುವ ಸೌಲಭ್ಯ ಬೇಕು, ಅದಕ್ಕಾಗಿ ಏಜೆಂಟಿನ ಭಾಗಗಳ ನಡುವೆಯೂ ಎಂಕ್ಯೂಟಿಟಿ (ಬ್ರೋಕರ್ ಎಂಬ ಮಧ್ಯವರ್ತಿ ಸರ್ವರಿನ ಮೂಲಕ ಸಂದೇಶ ಸಾಗಿಸುವ ನಿಯಮಾವಳಿ) ಬಳಸಬಹುದೇ ಎಂಬುದು ಇನ್ನೊಂದು. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಎರಡನೆಯದರಲ್ಲಿ ಮೋಟಾರ್ ಸುಟ್ಟುಹೋಗುವಷ್ಟು ಅಪಾಯವಿದೆ.

ಓದುವ ಕೆಲಸ ಮತ್ತು ಕಳುಹಿಸುವ ಕೆಲಸ ಒಂದೇ ಲೂಪಿನಲ್ಲಿರುವುದರಿಂದ ಒಂದು ಸಿಕ್ಕಿಕೊಂಡರೆ ಇನ್ನೊಂದೂ ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಥ್ರೆಡ್‌ಗಳಿಗೆ (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳಿಗೆ) ಹಾಕಿ, ನಡುವೆ ಪೈಥಾನಿನದೇ ಕ್ಯೂ, ಅಂದರೆ ಸಂದೇಶಗಳ ಸರತಿ, ಇಡಿ. ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗವಾದ ಜಿಐಎಲ್ ಬಗ್ಗೆ ಇಲ್ಲಿ ಹೆದರಬೇಕಾಗಿಲ್ಲ. ಸೀರಿಯಲ್ ಪೋರ್ಟಿನ ಉತ್ತರಕ್ಕಾಗಿ ಕಾಯುವ ಥ್ರೆಡ್ ಆ ಬೀಗವನ್ನು ಬಿಟ್ಟುಕೊಟ್ಟೇ ಕಾಯುತ್ತದೆ. ಆದರೆ ಕ್ಯೂಗೆ ಗರಿಷ್ಠ ಗಾತ್ರವನ್ನು ಕೊಡಲೇಬೇಕು. ಕೊಡದಿದ್ದರೆ ಅದಕ್ಕೆ ಮಿತಿಯೇ ಇರುವುದಿಲ್ಲ, ಕೊನೆಗೆ ಮೆಮೊರಿ ತುಂಬಿ ಲಿನಕ್ಸ್ ನಿಮ್ಮ ಏಜೆಂಟನ್ನೇ ಕೊಂದುಹಾಕುತ್ತದೆ. ಒಂದೇ ಪ್ರೋಗ್ರಾಮಿನ ಒಳಗೆ ಇಷ್ಟು ಸಾಕು, ಬ್ರೋಕರ್ ಬೇಡ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲನ್ ನಿಪ್ಪರ್ ಎಂಕ್ಯೂಟಿಟಿಯನ್ನು ರೂಪಿಸಿದ್ದು ಉಪಗ್ರಹ ಸಂಪರ್ಕದ ಮೂಲಕ ತೈಲ ಕೊಳವೆಮಾರ್ಗಗಳ ಮೇಲೆ ಕಣ್ಣಿಡಲು. ಕಡಿದುಹೋಗುವ, ದುಬಾರಿಯಾದ ಸಂಪರ್ಕವೇ ಅದರ ಜಾಗ. ನಾಳೆ ಕ್ಯಾಮೆರಾದಂಥ ಬೇರೊಂದು ಪ್ರೋಗ್ರಾಂ ಪಕ್ಕದಲ್ಲಿ ಓಡತೊಡಗಿದರೆ ಪೈ ಮೇಲೆಯೇ ಒಂದು ಮಸ್ಕಿಟೋ ಬ್ರೋಕರ್ ಇಟ್ಟುಕೊಳ್ಳಬಹುದು.

ಪೈಥಾನಿನಲ್ಲಿ ಎಂಕ್ಯೂಟಿಟಿ ಬಳಸಲು ಇರುವ ಪಾಹೊ ಲೈಬ್ರರಿ ಕಳುಹಿಸಲಾಗದ ಸಂದೇಶಗಳನ್ನು ಮೆಮೊರಿಯಲ್ಲಿ ಮಾತ್ರ ಹಿಡಿದಿಡುತ್ತದೆ. ಕರೆಂಟು ಹೋದರೆ ಅವೂ ಹೋದವು. ಆದ್ದರಿಂದ ಪ್ರತಿ ರೀಡಿಂಗನ್ನು ಮೊದಲು ಎಸ್‌ಕ್ಯೂಲೈಟ್ (ಫೈಲಿನಲ್ಲೇ ಉಳಿಯುವ ಸಣ್ಣ ಡೇಟಾಬೇಸ್) ಟೇಬಲಿಗೆ ಬರೆಯಿರಿ, ನಂತರ ಕ್ಯೂಒಎಸ್ 1ರಲ್ಲಿ, ಅಂದರೆ ಕನಿಷ್ಠ ಒಂದು ಸಲ ತಲುಪಿಸುವ ಮಟ್ಟದಲ್ಲಿ, ಕಳುಹಿಸಿ, ಬ್ರೋಕರಿನ ಸ್ವೀಕೃತಿ ಬಂದ ಮೇಲೆ ಆ ಸಾಲನ್ನು ಅಳಿಸಿ. ಸ್ವೀಕೃತಿಯ ಕಾಲ್‌ಬ್ಯಾಕ್ (ಸ್ವೀಕೃತಿ ಬಂದಾಗ ಪಾಹೊ ತಾನೇ ಕರೆಯುವ ನಿಮ್ಮ ಫಂಕ್ಷನ್) ಓಡುವುದು ಪಾಹೊದ ನೆಟ್‌ವರ್ಕ್ ಥ್ರೆಡ್‌ನಲ್ಲಿ ಎಂಬುದನ್ನು ಗಮನದಲ್ಲಿಡಿ. ಒಂದು ಥ್ರೆಡ್ ತೆರೆದ ಎಸ್‌ಕ್ಯೂಲೈಟ್ ಸಂಪರ್ಕವನ್ನು ಇನ್ನೊಂದು ಥ್ರೆಡ್ ಮುಟ್ಟಿದರೆ ಪೈಥಾನ್ ಸಾಮಾನ್ಯವಾಗಿ ದೋಷ ಎತ್ತುತ್ತದೆ. ಅಲ್ಲದೆ ಕಾಲ್‌ಬ್ಯಾಕ್‌ನಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಿದರೆ ಕೀಪ್‌ಅಲೈವ್, ಅಂದರೆ ‘ಇನ್ನೂ ಇದ್ದೇನೆ’ ಎಂದು ಬ್ರೋಕರಿಗೆ ಆಗಾಗ ಹೋಗುವ ಸೂಚನೆ, ತಪ್ಪುತ್ತದೆ. ಅದರ ಅವಧಿಯ ಒಂದೂವರೆಪಟ್ಟು ಕಾಲ ಸದ್ದಿಲ್ಲದಿದ್ದರೆ ಬ್ರೋಕರ್ ಸಂಪರ್ಕ ಕಡಿದು, ಸಂಪರ್ಕ ಕಡಿದಾಗ ಸಾರಲೆಂದು ನೀವು ಮೊದಲೇ ಒಪ್ಪಿಸಿದ್ದ ಲಾಸ್ಟ್ ವಿಲ್ ಸಂದೇಶವನ್ನು, ಅದನ್ನು ಕೇಳಿಕೊಂಡಿರುವ ಎಲ್ಲರಿಗೂ ಸಾರುತ್ತದೆ. ಸಾಧನ ಚೆನ್ನಾಗಿಯೇ ಇದ್ದರೂ ಮೊಬೈಲಿನಲ್ಲಿ ಸತ್ತಂತೆ ಕಾಣುತ್ತದೆ. ಕಾಲ್‌ಬ್ಯಾಕ್‌ನಲ್ಲಿ ಸಂದೇಶದ ಸಂಖ್ಯೆಯನ್ನು ಕ್ಯೂಗೆ ಹಾಕಿ ತಕ್ಷಣ ಹೊರಬನ್ನಿ, ಡೇಟಾಬೇಸಿನ ಕೆಲಸವನ್ನು ಅದರ ಥ್ರೆಡ್‌ಗೇ ಬಿಡಿ. ಕ್ಯೂಒಎಸ್ 1 ಎಂದರೆ ಒಂದು ಸಂದೇಶ ಎರಡು ಸಲ ತಲುಪಬಹುದು ಎಂದೂ ಅರ್ಥ. ಆದ್ದರಿಂದ ಪ್ರತಿ ರೀಡಿಂಗಿಗೂ ಸಾಧನದಲ್ಲೇ ಒಂದು ಗುರುತು ಕೊಟ್ಟು, ಸರ್ವರಿನಲ್ಲಿ ಅದನ್ನೇ ಮುಖ್ಯ ಕೀಲಿಯಾಗಿಸಿ.

ಈಗ ಪಂಪಿನ ವಿಷಯ. ರೀಡಿಂಗ್ ಮೂರು ಗಂಟೆ ತಡವಾಗಿ ಬಂದರೂ ಅದಕ್ಕೆ ಬೆಲೆಯಿದೆ. ‘ಪಂಪ್ ಚಾಲೂ ಮಾಡು’ ಎಂಬ ಆಜ್ಞೆ ಮೂರು ಗಂಟೆ ತಡವಾಗಿ ಬಂದರೆ ಅದು ಅಪಾಯ. ಏಜೆಂಟ್ ಹಳೆಯ ಸೆಷನ್ ಉಳಿಸಿಕೊಂಡು ಕ್ಯೂಒಎಸ್ 1ರಲ್ಲಿ ಆಜ್ಞೆಗಳ ಟಾಪಿಕ್‌ಗೆ (ಸಂದೇಶಗಳ ವಿಳಾಸದಂಥ ಹೆಸರಿಗೆ) ಸಬ್‌ಸ್ಕ್ರೈಬ್ ಆಗಿದ್ದರೆ, ಅಂದರೆ ಅದರ ಸಂದೇಶಗಳು ತನಗೂ ಬರಲಿ ಎಂದು ಕೇಳಿಕೊಂಡಿದ್ದರೆ, ಸಿಗ್ನಲ್ ಇಲ್ಲದಾಗ ಕಳುಹಿಸಿದ್ದನ್ನೆಲ್ಲ ಬ್ರೋಕರ್ ಕಾದಿಟ್ಟು ಆಮೇಲೆ ತಲುಪಿಸುತ್ತದೆ. ಸಂಜೆ ಒತ್ತಿದ ಗುಂಡಿಗೆ ನಡುರಾತ್ರಿ, ಬಾವಿಯಲ್ಲಿ ನೀರು ಇಳಿದಿರುವಾಗ, ಪಂಪ್ ಓಡತೊಡಗುತ್ತದೆ. ಆಜ್ಞೆಯನ್ನು ರಿಟೇನ್ ಮಾಡಿದರಂತೂ, ಅಂದರೆ ಟಾಪಿಕ್‌ನ ಕೊನೆಯ ಸಂದೇಶವಾಗಿ ಬ್ರೋಕರಿನಲ್ಲೇ ಉಳಿಸಿದರಂತೂ, ಪ್ರತಿ ಸಲ ಮರುಸಂಪರ್ಕವಾಗಿ ಸಬ್‌ಸ್ಕ್ರೈಬ್ ಮಾಡಿದಾಗಲೂ ಇದೇ ನಡೆಯುತ್ತದೆ. ರಿಟೇನ್ ಇರಲಿ, ಆದರೆ ಪಂಪಿನ ಸದ್ಯದ ಸ್ಥಿತಿಯನ್ನು ತಿಳಿಸುವ ಟಾಪಿಕ್‌ಗೆ ಮಾತ್ರ.

ಎಂಕ್ಯೂಟಿಟಿಯ 5ನೆಯ ಆವೃತ್ತಿಯಲ್ಲಿ ಸಂದೇಶಕ್ಕೆ ಅವಧಿ ಕಟ್ಟಬಹುದು, ಕಟ್ಟಿ. ಅಷ್ಟನ್ನೇ ನಂಬದೆ ಆಜ್ಞೆಯ ಒಳಗೂ ‘ಇಂಥ ಹೊತ್ತಿನವರೆಗೆ ಮಾತ್ರ’ ಎಂದು ಬರೆದು, ಏಜೆಂಟೇ ಅದನ್ನು ನೋಡಿ ಹಳತನ್ನು ಎಸೆಯಲಿ. ಇಲ್ಲಿ ಗಡಿಯಾರದ ತೊಡಕೊಂದಿದೆ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳ ಬೋರ್ಡಿನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಕರೆಂಟು ಬಂದು ಇಂಟರ್ನೆಟ್ ಸಿಗುವವರೆಗೆ ಅವು ತೋರಿಸುವ ಹೊತ್ತು ತಪ್ಪಾಗಿರಬಹುದು. ಗಡಿಯಾರ ಸರಿಹೊಂದುವ ತನಕ ಏಜೆಂಟ್ ಯಾವ ಆಜ್ಞೆಯನ್ನೂ ಒಪ್ಪಬಾರದು. ‘ಸ್ಥಿತಿ ಬದಲಿಸು’ ಎಂಬ ಆಜ್ಞೆಯನ್ನು ಇಡಲೇಬೇಡಿ. ‘ಚಾಲೂ ಇರಲಿ’, ‘ಬಂದ್ ಇರಲಿ’ ಎಂದಿದ್ದರೆ ಅದೇ ಸಂದೇಶ ಎರಡು ಸಲ ಬಂದರೂ ಪಂಪ್ ಗಲಿಬಿಲಿಗೊಳ್ಳುವುದಿಲ್ಲ.

ಮೀಟರೂ ಪಂಪಿನ ರಿಲೇಯೂ ಒಂದೇ ಆರ್‌ಎಸ್-485 ತಂತಿಯಲ್ಲಿದ್ದರೆ (ಹಲವು ಸಾಧನಗಳು ಹಂಚಿಕೊಳ್ಳುವ ಸೀರಿಯಲ್ ಸಂಪರ್ಕ) ಆಜ್ಞೆಗೆಂದು ಇನ್ನೊಂದು ಥ್ರೆಡ್‌ನಿಂದ ಆ ಪೋರ್ಟ್ ತೆರೆಯಬೇಡಿ. ಇಂಥ ತಂತಿಯ ಮೇಲೆ ಸಾಧನಗಳು ಮಾತಾಡುವ ಮಾಡ್‌ಬಸ್ ಆರ್‌ಟಿಯು ನಿಯಮಾವಳಿಯಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ, ಒಂದೇ ಉತ್ತರ. ಇಬ್ಬರು ಕೇಳಿದರೆ ಉತ್ತರಗಳು ಕಲಸಿಹೋಗುತ್ತವೆ. ಆಜ್ಞೆಗಳಿಗೆ ಪ್ರತ್ಯೇಕ ಸಣ್ಣ ಕ್ಯೂ ಇರಲಿ, ಮೀಟರ್ ಓದುವ ಥ್ರೆಡ್ಡೇ ಪ್ರತಿ ಓದಿಗೆ ಮುನ್ನ ಅದನ್ನು ನೋಡಲಿ.

ಆಜ್ಞೆ ಕಳುಹಿಸಿದ ಮೊಬೈಲಿಗೆ ಬರುವ ಸ್ವೀಕೃತಿ, ಬ್ರೋಕರಿಗೆ ಅದು ಸಿಕ್ಕಿತು ಎಂದಷ್ಟೇ ಹೇಳುತ್ತದೆ. ಪಂಪ್ ಓಡುತ್ತಿದೆ ಎಂಬುದಕ್ಕೆ ಸಾಕ್ಷಿ ನಿಮ್ಮ ಮೀಟರಿನಲ್ಲೇ ಇದೆ: ಮೋಟಾರ್ ಎಳೆಯುತ್ತಿರುವ ಆಂಪಿಯರ್. ಅದು ಏರಿದ್ದನ್ನು ಕಂಡ ಮೇಲಷ್ಟೇ ಏಜೆಂಟ್ ಆ ಆಜ್ಞೆಯ ಗುರುತಿನೊಂದಿಗೆ ಉತ್ತರ ಕಳುಹಿಸಲಿ, ಆಮೇಲೆ ಮೊಬೈಲಿನಲ್ಲಿ ಹಸಿರು ದೀಪ ಹತ್ತಲಿ. ಇಷ್ಟೆಲ್ಲ ಮಾಡಿದರೂ ನೀರಿಲ್ಲದೆ ಓಡುವಾಗ ಮೋಟಾರನ್ನು ನಿಲ್ಲಿಸುವ ರಕ್ಷಣೆ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇರಬೇಕು. ಅದನ್ನು ಪೈಥಾನಿಗೆ ವಹಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಸಣ್ಣಪುಟ್ಟವು. ಪಾಹೊ 2.0 ಬಂದದ್ದು 2024ರಲ್ಲಿ; ಕ್ಲೈಂಟ್ ಸೃಷ್ಟಿಸುವಾಗ ಕಾಲ್‌ಬ್ಯಾಕ್ ಆವೃತ್ತಿಯನ್ನು ಹೇಳಬೇಕಾದ್ದರಿಂದ ಅದಕ್ಕೂ ಹಿಂದಿನ ಮಾದರಿ ಕೋಡ್ ಹಾಗೆಯೇ ಓಡದಿರಬಹುದು. ಸಬ್‌ಸ್ಕ್ರೈಬ್ ಮಾಡುವ ಸಾಲು ಆನ್-ಕನೆಕ್ಟ್ ಕಾಲ್‌ಬ್ಯಾಕ್‌ನ ಒಳಗಿರಲಿ, ಮರುಸಂಪರ್ಕವಾದಾಗ ಅದು ತಾನಾಗಿಯೇ ನಡೆಯುತ್ತದೆ. ಎರಡನೆಯ ತೋಟಕ್ಕೆ ಎಸ್‌ಡಿ ಕಾರ್ಡ್ ನಕಲು ಮಾಡಿದರೆ ಕ್ಲೈಂಟ್ ಐಡಿ ಬದಲಿಸಿ. ಒಂದೇ ಐಡಿಯ ಎರಡು ಏಜೆಂಟ್‌ಗಳು ಬಂದರೆ ಬ್ರೋಕರ್ ಹಳೆಯದನ್ನು ಹೊರಹಾಕುತ್ತದೆ, ಅದು ಮತ್ತೆ ಬಂದು ಇದನ್ನು ಹೊರಹಾಕಿಸುತ್ತದೆ. ಪಂಪ್ ನಿಯಂತ್ರಿಸುವ ಸಂಪರ್ಕವಾದ್ದರಿಂದ 1883 ಪೋರ್ಟಿನ ಬದಲು ಟಿಎಲ್‌ಎಸ್ (ಸಂದೇಶಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆ) ಇರುವ 8883 ಪೋರ್ಟನ್ನೇ ಬಳಸಿ. ಆಜ್ಞೆಯ ಟಾಪಿಕ್‌ಗೆ ಬರೆಯುವ ಅನುಮತಿಯನ್ನು ನಿಮ್ಮ ಮೊಬೈಲಿನ ಖಾತೆಗೆ ಮಾತ್ರ ಕೊಡಿ.